ಫ್ಯಾಮಿಕಾಮ್ ಚಿಪ್ ಸದ್ದು ಸಾಫ್ಟ್‌ವೇರ್‌ನಲ್ಲಿ: ಮೇಲಿನ ಸ್ವರಗಳಲ್ಲಿ ಬೇಡದ ಸೀಟಿ, ನಾಯ್ಸ್ ಜೋರು, ಕೆಳಗಿನ ಸ್ವರ ಮೌನ

ಚೌಕತರಂಗ
ನಿಂಟೆಂಡೋದ ಹಳೇ ಗೇಮ್ ಯಂತ್ರ ಫ್ಯಾಮಿಕಾಮ್‌ನ 2ಎ03 ಚಿಪ್‌ನ ಧ್ವನಿ ಭಾಗವನ್ನು ಸಿ ಭಾಷೆಯಲ್ಲಿ ಬರೀತಿದ್ದೇನೆ. ಎರಡು ಪಲ್ಸ್ (ಚೌಕ ಅಲೆ), ಒಂದು ಟ್ರಯಾಂಗಲ್ (ತ್ರಿಕೋನ ಅಲೆ), ಒಂದು ನಾಯ್ಸ್ (ಗದ್ದಲದ ಸದ್ದು) ಚಾನೆಲ್ ಓಡ್ತಿವೆ. ಡಿಎಂಸಿ (ರೆಕಾರ್ಡ್ ಮಾಡಿದ ಸದ್ದು ನುಡಿಸುವ ಚಾನೆಲ್) ಇನ್ನೂ ಸೇರಿಸಿಲ್ಲ. ಔಟ್‌ಪುಟ್ 44,100 ಹರ್ಟ್ಸ್. ಪ್ರತಿ ಸ್ಯಾಂಪಲ್‌ಗೆ ಚಿಪ್ಪನ್ನು 40 ಸೈಕಲ್ ಓಡಿಸಿ, ಆ ಕ್ಷಣಕ್ಕೆ ನಾಲ್ಕೂ ಚಾನೆಲ್‌ಗಳಲ್ಲಿ ಇರೋ ಮೌಲ್ಯ ಕೂಡಿಸಿ ಬಫರ್‌ಗೆ ಹಾಕೋದು, ಇಷ್ಟೇ ವಿಧಾನ.

ತೊಂದರೆಗಳು: ಒಟ್ಟಾರೆ ಶ್ರುತಿ ಸ್ವಲ್ಪ ಇಳಿದಿದೆ. ಪಲ್ಸ್‌ನ ಮೇಲಿನ ಸ್ಥಾಯಿಯಲ್ಲಿ ಸ್ವರದ ಜೊತೆ ಇನ್ನೊಂದು ಸೀಟಿ ಕೇಳುತ್ತೆ, ಸ್ವರ ಏರಿಸಿದ್ರೆ ಅದು ಕೆಲವು ಸಲ ಇಳಿಯುತ್ತೆ. ನಾಯ್ಸ್ ಅನ್ನು ವೇಗದ ಪೀರಿಯಡ್‌ಗಳಲ್ಲಿ ಹೈ-ಹ್ಯಾಟ್‌ಗೆ ಬಳಸಿದ್ರೆ ಬಾಕಿ ಎಲ್ಲವನ್ನೂ ಮುಳುಗಿಸುತ್ತೆ. ಮತ್ತೆ ಪಲ್ಸ್‌ನಲ್ಲಿ ಸುಮಾರು 109 ಹರ್ಟ್ಸ್‌ಗಿಂತ ಕೆಳಗೆ ಏನೂ ಕೇಳಲ್ಲ, ಸ್ವರದ ಆವೃತ್ತಿ ನಿರ್ಧರಿಸೋ ಟೈಮರ್ 11 ಬಿಟ್ ಇದ್ರೂ. ಎಲ್ಲಕ್ಕೂ ಒಂದೇ ಮೂಲವೋ, ಬೇರೆ ಬೇರೆಯೋ?

ಹುಬ್ಳಿ_ಹರ್ಟ್ಸ್
ಮೊದಲನೇದು ಸರಳ ಐತಿ. ಚಿಪ್ಪಿನ ಗಡಿಯಾರ 1789773 ಹರ್ಟ್ಸ್ ಐತಿ, ಅದನ್ನ 44100ರಿಂದ ಭಾಗಿಸ್ರಿ, 40 ಬರೂದಿಲ್ಲ, 40.584 ಬರ್ತೈತಿ. 40 ಇಟ್ರ ಶ್ರುತಿ 25 ಸೆಂಟ್ (ಸೆಂಟ್ ಅಂದ್ರ ಅರೆಸ್ವರದ ನೂರನೇ ಭಾಗ) ಇಳೀತೈತಿ, 41 ಇಟ್ರ ಸುಮಾರು 18 ಸೆಂಟ್ ಏರ್ತೈತಿ. ಉಳಿಕೆ ಭಾಗ ಮುಂದಿನ ಸ್ಯಾಂಪಲ್‌ಗೆ ಒಯ್ಯಬೇಕು. ಫ್ಲೋಟ್ ಬ್ಯಾಡ. ಒಂದು ಪೂರ್ಣಾಂಕ ಇಟ್ಕೊಳ್ರಿ, ಪ್ರತಿ ಸೈಕಲ್‌ಗೆ 44100 ಕೂಡಿಸ್ರಿ, 1789773 ಮುಟ್ಟಿದ ಕೂಡ್ಲೆ ಅಷ್ಟು ಕಳದು ಒಂದು ಸ್ಯಾಂಪಲ್ ಹೊರಗ ಹಾಕ್ರಿ. ಎಷ್ಟು ತಾಸು ಓಡಿದ್ರೂ ಜಾರೂದಿಲ್ಲ.

ಮಲೆನಾಡು_6502
ನಾಲ್ಕನೆಯದು ಸ್ವೀಪ್ ಘಟಕದ (ಸ್ವರವನ್ನು ತಾನಾಗಿ ಜಾರಿಸುವ ಭಾಗ) ಕೆಲಸ, ಚಿಪ್ಪಿನ ನಿಜವಾದ ನಡವಳಿಕೆ. ಸ್ವೀಪ್ ಆಫ್ ಇದ್ದರೂ ಗುರಿ ಪೀರಿಯಡ್ಡಿನ (ಟೈಮರ್ ಮೌಲ್ಯದ) ಲೆಕ್ಕ ನಡೀತಾನೇ ಇರುತ್ತೆ, ಅದು 2047 ಮೀರಿದರೆ ಚಾನೆಲ್ ಮೌನ. ಸ್ವೀಪ್ ರಿಜಿಸ್ಟರ್ $4001ರಲ್ಲಿ 0 ಇದ್ದರೆ ಶಿಫ್ಟ್ 0, ಅಂದರೆ ಗುರಿ = ಪೀರಿಯಡ್ + ಪೀರಿಯಡ್. ಹಾಗಾಗಿ 1024 ಮತ್ತು ಅದಕ್ಕಿಂತ ದೊಡ್ಡ ಪೀರಿಯಡ್‌ಗಳೆಲ್ಲ ಮೌನ. 1024ಕ್ಕೆ ಆವೃತ್ತಿ 109.1 ಹರ್ಟ್ಸ್, ನೀವು ಹೇಳಿದ್ದು ಸರಿಯಾಗಿ ಅದೇ ಜಾಗ.

$4001 ಮತ್ತು ಎರಡನೇ ಪಲ್ಸ್‌ನ $4005ಕ್ಕೆ $08 ಬರೆಯಿರಿ. ನೆಗೇಟ್ ಬಿಟ್ ಎದ್ದರೆ ಗುರಿ ಮೇಲಕ್ಕೆ ಹೋಗೋದೇ ಇಲ್ಲ, 54.6 ಹರ್ಟ್ಸ್‌ವರೆಗೂ ಕೇಳುತ್ತೆ. ನಿಮ್ಮ ಕೋಡ್ ಇದನ್ನು ಅನುಕರಿಸ್ತಿದೆ ಅಂದ್ರೆ ಆ ಭಾಗ ಸರಿಯಾಗಿದೆ, ಅದನ್ನು ತೆಗೆಯಬೇಡಿ. ಇನ್ನೊಂದು: ನೆಗೇಟ್ ಇದ್ದಾಗ ಮೊದಲ ಪಲ್ಸ್ ಒಂದು ಹೆಚ್ಚು ಕಳೆಯುತ್ತೆ, ಎರಡನೆಯದು ಕಳೆಯಲ್ಲ. ಎರಡಕ್ಕೂ ಒಂದೇ ಫಂಕ್ಷನ್ ಬಳಸಿದ್ದರೆ ಅದಕ್ಕೊಂದು ಫ್ಲಾಗ್ ಕೊಡಿ.

ಅಂಚುಗಾರ
ಎರಡನೇ ತೊಂದರೆ ಏಲಿಯಾಸಿಂಗ್, ಅಂದರೆ ಸ್ಯಾಂಪಲ್ ದರದ ಅರ್ಧ ದಾಟಿದ ಆವೃತ್ತಿಗಳು ಮಡಚಿಕೊಂಡು ಕೆಳಗೆ ಬೀಳೋದು. ಲೆಕ್ಕ ಹಾಕಿದ್ರೆ ಸೀಟಿ ಎಲ್ಲಿಂದ ಬರ್ತಿದೆ ಅಂತ ಪೂರ್ತಿ ಗೊತ್ತಾಗುತ್ತೆ. ಟೈಮರ್ 31 ಇಟ್ಟರೆ ಪಲ್ಸ್ 1789773 ÷ (16 × 32), ಅಂದರೆ 3,495.65 ಹರ್ಟ್ಸ್. 50% ಡ್ಯೂಟಿಯಲ್ಲಿ (ಅಲೆ ಅರ್ಧ ಕಾಲ ಮೇಲಿರೋದು) ಬೆಸ ಹಾರ್ಮೋನಿಕ್ (ಮೂಲ ಆವೃತ್ತಿಯ ಬೆಸ ಪಟ್ಟು) ಮಾತ್ರ. 3ನೇದು 10,487, 5ನೇದು 17,478, ಇವೆರಡೂ ಸರಿ. 7ನೇದು 24,470, ಇದು 22,050 ದಾಟಿ ಮಡಚಿಕೊಂಡು 19,630ಕ್ಕೆ ಬೀಳುತ್ತೆ. 9ನೇದು 12,639ಕ್ಕೆ, 11ನೇದು 5,648ಕ್ಕೆ, 13ನೇದು 1,343ಕ್ಕೆ. ಕೊನೇದು ಮೂಲ ಸ್ವರಕ್ಕಿಂತ ಒಂದು ಸ್ಥಾಯಿಗೂ ಕೆಳಗೆ, ಮಟ್ಟ ಬರೀ −22 ಡೆಸಿಬೆಲ್. ಕೇಳದೇ ಇರುತ್ತಾ? ಸ್ವರ ಏರಿದಾಗ ಇಳಿಯೋದು ಆ 7, 9, 11ರ ಪ್ರತಿಬಿಂಬಗಳು.

ಮೂಲ ದೋಷ ಇಷ್ಟೇ: ಚಿಪ್‌ನ ಅಂಚು (ಔಟ್‌ಪುಟ್ ಬದಲಾಗೋ ಕ್ಷಣ) ಯಾವ ಸೈಕಲ್‌ನಲ್ಲಿ ಬಿತ್ತು ಅನ್ನೋದು ನಿಮ್ಮ ಕೋಡ್‌ಗೆ ಕರಾರುವಾಕ್ಕಾಗಿ ಗೊತ್ತು, ಆದರೆ 40 ಸೈಕಲ್‌ಗೊಮ್ಮೆ ಮಾತ್ರ ಕಣ್ಣು ತೆರೆದು ಆ ಮಾಹಿತಿಯನ್ನೆಲ್ಲ ಬಿಸಾಡ್ತಿದೆ. ಅಂಚಿನ ಸಮಯ ಉಳಿಸಿಕೊಳ್ಳಿ.

ಮಲೆನಾಡು_6502
ಅಷ್ಟು ದೂರ ಹೋಗೋ ಅಗತ್ಯ ಇಲ್ಲ. ಒಂದು ಸ್ಯಾಂಪಲ್‌ಗೆ ಬರುವ 40 ಅಥವಾ 41 ಸೈಕಲ್‌ಗಳ ಮೌಲ್ಯ ಕೂಡಿಸಿ ಸರಾಸರಿ ತೆಗೆಯಿರಿ. ನಾಲ್ಕು ಸಾಲಿನ ಬದಲಾವಣೆ, ಸೀಟಿ ಹೋಗುತ್ತೆ.

ಅಂಚುಗಾರ
> ಸೀಟಿ ಹೋಗುತ್ತೆ

ಕೆಳಗಿನದು ಹೋಗುತ್ತೆ, ಮೇಲಿನವು ಉಳಿಯುತ್ತವೆ. ಅದೇ ಸ್ವರಕ್ಕೆ ಸರಾಸರಿಯ ಲೆಕ್ಕ: 13ನೇ ಹಾರ್ಮೋನಿಕ್ ಇನ್ನೂ 30 ಡೆಸಿಬೆಲ್ ತಗ್ಗುತ್ತೆ, ಚೆನ್ನಾಗಿದೆ. 11ನೇದು 17 ತಗ್ಗುತ್ತೆ. 9ನೇದು 9 ಮಾತ್ರ. 7ನೇದು ಬರೀ 5. ಜೊತೆಗೆ 20 ಕಿಲೋಹರ್ಟ್ಸ್‌ನಲ್ಲಿ ಇರಬೇಕಾದ ಸದ್ದೇ 3 ಡೆಸಿಬೆಲ್ ಇಳಿದಿರುತ್ತೆ. ಸ್ಯಾಂಪಲ್ ದರದ ಹತ್ತಿರದ್ದನ್ನು ಸರಾಸರಿ ಚೆನ್ನಾಗಿ ಕೊಲ್ಲುತ್ತೆ, ಅದರ ಅರ್ಧದ ಹತ್ತಿರದ್ದನ್ನು ಮುಟ್ಟೋದೇ ಇಲ್ಲ.

ಮಲೆನಾಡು_6502
ಅಸಲಿ ಯಂತ್ರದಲ್ಲೇ 14 ಕಿಲೋಹರ್ಟ್ಸ್ ಲೋ-ಪಾಸ್ (ಮೇಲಿನ ಆವೃತ್ತಿ ತಗ್ಗಿಸುವ ಫಿಲ್ಟರ್) ಇದೆಯಲ್ಲ. 19 ಕಿಲೋಹರ್ಟ್ಸ್‌ನ ಪ್ರತಿಬಿಂಬ ಯಾರ ಕಿವಿಗೆ ಬೀಳುತ್ತೆ?

ಅಂಚುಗಾರ
ಆ ಫಿಲ್ಟರ್ ಮೊದಲ ದರ್ಜೆಯದು, 19.6 ಕಿಲೋಹರ್ಟ್ಸ್‌ನಲ್ಲಿ 5 ಡೆಸಿಬೆಲ್ ಕೂಡ ಇಳಿಸಲ್ಲ. 12.6 ಮತ್ತು 5.6ರಲ್ಲಿ ಬಿದ್ದದ್ದನ್ನಂತೂ ಯಾವ ಲೋ-ಪಾಸ್ ತೆಗೆಯುತ್ತೆ? ಮಡಚಿದ ಮೇಲೆ ಅದು ಸಂಗೀತದ ಭಾಗವಾಗಿಬಿಟ್ಟಿತು.

ಶಿಫ್ಟ್‌ರಿಜಿಸ್ಟರ್
ನಾಯ್ಸ್ ವಿಷಯಕ್ಕೆ ಯಾರೂ ಬಂದಿಲ್ಲ. ಅದೂ ಇದೇ ಕಾಯಿಲೆ, ಲಕ್ಷಣ ಮಾತ್ರ ಬೇರೆ. ಪೀರಿಯಡ್ ಸೂಚ್ಯಂಕ 0 ಅಂದರೆ 4 ಸೈಕಲ್, ಸೆಕೆಂಡಿಗೆ 4,47,443 ಶಿಫ್ಟ್, ಪ್ರತಿ ಶಿಫ್ಟ್‌ಗೂ ಹೊಸ ಬಿಟ್. ಒಂದು ಸ್ಯಾಂಪಲ್ ಒಳಗೆ ಹತ್ತು ಬಿಟ್ ಉದುರ್ತವೆ, ನೀವು ಅದರಲ್ಲಿ ಒಂದನ್ನೇ ಹಿಡೀತೀರಿ. ಆ ಒಂದು ಬಿಟ್ ಪೂರ್ಣ ಎತ್ತರದ್ದು. ನಿಜವಾದ ಚಿಪ್‌ನಲ್ಲಿ ಶಕ್ತಿ ನೂರಾರು ಕಿಲೋಹರ್ಟ್ಸ್‌ವರೆಗೆ ಹರಡಿರುತ್ತೆ, ಕೇಳುವ ಪಟ್ಟಿಯಲ್ಲಿ ಉಳಿಯೋದು ಸ್ವಲ್ಪ. 44,100 ÷ 4,47,443 ತೆಗೆದರೆ ಸುಮಾರು ಹತ್ತನೇ ಒಂದು, ಅಂದರೆ ನಿಮ್ಮ ಹೈ-ಹ್ಯಾಟ್ 10 ಡೆಸಿಬೆಲ್ ಜೋರು. ಮಿಕ್ಸರ್‌ನಲ್ಲಿ ನಾಯ್ಸ್ ತಗ್ಗಿಸಿ ಸರಿ ಮಾಡೋಕೆ ಹೋಗಬೇಡಿ, ಆಗ ನಿಧಾನದ ಪೀರಿಯಡ್‌ಗಳ ಸ್ನೇರ್ ಸತ್ತುಹೋಗುತ್ತೆ.

ಇದಕ್ಕೆ ಮಲೆನಾಡು ಹೇಳಿದ ಸರಾಸರಿಯೇ ಬಹುಪಾಲು ಸಾಕು. ಹತ್ತು ಬಿಟ್‌ನಲ್ಲಿ ಒಂದು ಎಷ್ಟಿವೆ ಎಣಿಸಿ ಭಾಗಿಸಿದರೆ ಮಟ್ಟ ತಾನಾಗಿ ಸರಿಹೋಗುತ್ತೆ.

ನಾಯ್ಸ್ ಬಿಟ್ ಹುಟ್ಟಿಸುವ ಶಿಫ್ಟ್ ರಿಜಿಸ್ಟರ್ 15 ಬಿಟ್, ಬಿಟ್ 0 ಮತ್ತು ಬಿಟ್ 1ರ ಎಕ್ಸ್ಆರ್ ಅನ್ನು ಬಿಟ್ 14ಕ್ಕೆ ತುಂಬಬೇಕು, ಅನುಕ್ರಮ 32,767. ಶಾರ್ಟ್ ಮೋಡ್‌ನಲ್ಲಿ ಬಿಟ್ 1ರ ಬದಲು ಬಿಟ್ 6, ಆಗ 93 ಅಥವಾ 31, ಮೋಡ್ ಬದಲಿಸುವಾಗ ರಿಜಿಸ್ಟರ್‌ನಲ್ಲಿ ಏನಿತ್ತು ಅನ್ನೋದರ ಮೇಲೆ. ಆರಂಭ 1 ಇರಲಿ. 0 ಇಟ್ಟರೆ ಕೊನೆವರೆಗೂ 0. ಮೋಡ್ ಬದಲಾದಾಗ, ಹೊಸ ಸ್ವರ ಶುರುವಾದಾಗ ರಿಜಿಸ್ಟರ್ ಮರುಹೊಂದಿಸಬೇಡಿ. ಪ್ರತಿ ಏಟೂ ಒಂದೇ ಥರ ಕೇಳಿಸೋದು ಅದರಿಂದಲೇ.

ತಂಬೂರಿ440
ಚಿಪ್‌ಗಳಿಗೆಲ್ಲ ನಾಯ್ಸ್ ರಿಜಿಸ್ಟರ್ 15 ಬಿಟ್ಟೇ?

ಶಿಫ್ಟ್‌ರಿಜಿಸ್ಟರ್
ಇಲ್ಲ. ಎವೈ-3-8910ರಲ್ಲಿ 17, ಕಮೊಡೋರ್ 64 ಕಂಪ್ಯೂಟರ್‌ನ ಸಿಡ್ ಚಿಪ್‌ನಲ್ಲಿ 23. ಒಂದರ ಕೋಡ್ ಎತ್ತಿ ಇನ್ನೊಂದಕ್ಕೆ ಹಾಕಿದರೆ ಬಣ್ಣ ಬದಲಾಗುತ್ತೆ. ವಾಲ್ಯೂಮ್ ಕೂಡ ಹಾಗೇ: 2ಎ03ಯ 16 ಹಂತ ಹೆಚ್ಚುಕಡಿಮೆ ಸರಳರೇಖೆ, ಎಸ್‌ಎನ್76489 ಚಿಪ್‌ನಲ್ಲಿ ಹಂತಕ್ಕೆ 2 ಡೆಸಿಬೆಲ್, ಎವೈಯಲ್ಲಿ ಸುಮಾರು 3.

ಚೌಕತರಂಗ
ಎಲ್ಲರಿಗೂ ಧನ್ಯವಾದ. ಉಳಿಕೆ ಒಯ್ಯುವ ಲೆಕ್ಕ ಮತ್ತು $08 ಹಾಕಿದೆ: ಶ್ರುತಿ ಸರಿ, ಕೆಳಗಿನ ಸ್ವರ ಬಂತು. ಸರಾಸರಿಯಿಂದ ನಾಯ್ಸ್ ಕೂಡ ಹದಕ್ಕೆ ಬಂತು. ಮೇಲಿನ ಸ್ಥಾಯಿಯಲ್ಲಿ ಅಂಚುಗಾರ ಹೇಳಿದ ಹಾಗೆ ಇನ್ನೂ ಒರಟು ಇದೆ. ಪಾಲಿಬ್ಲೆಪ್ (ಅಂಚನ್ನು ಸೂತ್ರದಿಂದ ನಯ ಮಾಡೋ ವಿಧಾನ) ಹಾಕಲಾ? ಸೂತ್ರ ಚಿಕ್ಕದು.

ಜಾಲಗಾರ
ಪಾಲಿಬ್ಲೆಪ್ ಹಾಕಿ, ಅದೇ ಸರಿಯಾದ ಉತ್ತರ, ಎಲ್ಲ ಸಾಫ್ಟ್‌ವೇರ್ ಸಿಂತಸೈಜರ್‌ಗಳೂ ಅದನ್ನೇ ಬಳಸೋದು.

ಅಂಚುಗಾರ
ಎಲ್ಲವೂ ಬಳಸಲ್ಲ. ಎರಡು ಸ್ಯಾಂಪಲ್‌ನ ಪಾಲಿಬ್ಲೆಪ್ ಅಂದರೆ ಅದೇ ಸರಾಸರಿಯನ್ನು ಎರಡು ಸಲ ಮಾಡಿದ ಫಲಿತಾಂಶ. 7ನೇ ಹಾರ್ಮೋನಿಕ್ 5ರ ಬದಲು 10 ಡೆಸಿಬೆಲ್ ತಗ್ಗುತ್ತೆ, 11ನೇದು 34. ಆದರೆ 20 ಕಿಲೋಹರ್ಟ್ಸ್‌ನಲ್ಲಿ 6 ಡೆಸಿಬೆಲ್ ನಷ್ಟ. ಸ್ವಂತ ಸಿಂತ್‌ಗೆ ಸಾಕು, ಅಂಚುಗಳ ಸಮಯ ಸೈಕಲ್‌ನಷ್ಟು ನಿಖರವಾಗಿ ಕೈಯಲ್ಲಿರುವಾಗ ಇನ್ನೂ ಒಳ್ಳೇದನ್ನು ಮಾಡಬಹುದು.

ಟೇಬಲ್ ಬಳಸಿ ಬ್ಯಾಂಡ್‌ಲಿಮಿಟೆಡ್ ಸ್ಟೆಪ್ (ಮಿತಿ ದಾಟಿದ ಆವೃತ್ತಿ ಇಲ್ಲದ ಅಂಚು) ಮಾಡಿ. ಹೀಗೆ:

ವಿಂಡೋ ಹಾಕಿದ (ತುದಿಗಳನ್ನು ತಗ್ಗಿಸಿದ) ಸಿಂಕ್ (sinc) ಪಲ್ಸ್ ಒಂದರ ಟೇಬಲ್ ಕಟ್ಟಿ, 16 ಟ್ಯಾಪ್ (ಒಂದು ಅಂಚಿಗೆ ಬೇಕಾದ ಮೌಲ್ಯಗಳು), 32 ಫೇಸ್ (ಸ್ಯಾಂಪಲ್‌ನೊಳಗಿನ ಸ್ಥಾನಗಳು). ಚಿಪ್ ಓಡುವಾಗ ಔಟ್‌ಪುಟ್ ಬದಲಾದರೆ ಮಾತ್ರ ಕೆಲಸ: ಹೊಸದು ಕಳೆ ಹಳೆಯದು ಎಷ್ಟು ಅಂತ ತೆಗೆದು, ಆ ಸೈಕಲ್ ಯಾವ ಸ್ಯಾಂಪಲ್‌ನ ಎಷ್ಟನೇ ಭಾಗದಲ್ಲಿ ಬಿತ್ತು ನೋಡಿ, ಆ ಫೇಸ್‌ನ 16 ಟ್ಯಾಪ್‌ಗಳಿಂದ ಗುಣಿಸಿ ಬಫರ್‌ಗೆ ಕೂಡಿಸಿ. ಓದುವಾಗ ಬಫರ್‌ನ ಓಡುಮೊತ್ತ ತೆಗೆದರೆ ಅಲೆ ಸಿಗುತ್ತೆ. ಶೇ ಗ್ರೀನ್ ಅವರ ಬ್ಲಿಪ್_ಬಫರ್ ಲೈಬ್ರರಿ ಮಾಡೋದು ಇದನ್ನೇ, ಹಲವು ಎಮ್ಯುಲೇಟರ್‌ಗಳು ಅದನ್ನೇ ಬಳಸ್ತವೆ.

ಕೈಕೊಡುವ ಜಾಗ ಒಂದು: ಪ್ರತಿ ಫೇಸ್‌ನ 16 ಟ್ಯಾಪ್‌ಗಳ ಮೊತ್ತ ಕರಾರುವಾಕ್ಕಾಗಿ ಒಂದೇ ಇರಬೇಕು. ಪೂರ್ಣಾಂಕಕ್ಕೆ ದುಂಡಾಗಿಸುವಾಗ ಒಂದು ಫೇಸ್‌ನಲ್ಲಿ 32768, ಇನ್ನೊಂದರಲ್ಲಿ 32766 ಬಂದರೆ ಏರುವ ಅಂಚಿನ ಎತ್ತರಕ್ಕೂ ಇಳಿಯುವ ಅಂಚಿನ ಎತ್ತರಕ್ಕೂ ವ್ಯತ್ಯಾಸ ಉಳಿದು, ಓಡುಮೊತ್ತ ನಿಧಾನವಾಗಿ ಜಾರಿ ಕೊನೆಗೆ ಕ್ಲಿಪ್ ಆಗುತ್ತೆ. ಕೊರತೆಯನ್ನು ನಡುವಿನ ಟ್ಯಾಪ್‌ಗೆ ಸೇರಿಸಿಬಿಡಿ. ಜೊತೆಗೆ ಪ್ರತಿ ಸ್ಯಾಂಪಲ್‌ಗೆ ಮೊತ್ತದಿಂದ ಅದರ 512ನೇ ಒಂದು ಭಾಗ ಕಳೆಯಿರಿ, ಅದು 14 ಹರ್ಟ್ಸ್‌ನ ಹೈ-ಪಾಸ್ ಆಗಿ ಡಿಸಿಯನ್ನೂ (ಸ್ಥಿರ ಮಟ್ಟವನ್ನೂ) ತೆಗೆಯುತ್ತೆ.

ಹುಬ್ಳಿ_ಹರ್ಟ್ಸ್
16 ಟ್ಯಾಪ್ ಅಂದ್ರ ಇಳಿಜಾರು ಅಷ್ಟು ಕಡಿದಾಗಿ ಇರೂದಿಲ್ಲ, ಮ್ಯಾಲಿನ ತುದಿಗೆ ಸ್ವಲ್ಪ ಉಳದ ಉಳೀತೈತಿ. ಪಿಸಿ ಮ್ಯಾಲ ಓಡಿಸೂದಾದ್ರ 32 ಟ್ಯಾಪ್ ಇಡ್ರಿ. ಖರ್ಚು ಏನೂ ಇಲ್ಲ: 440ರ ಪಲ್ಸ್‌ಗೆ ಸೆಕೆಂಡಿಗೆ 880 ಅಂಚು ಅಷ್ಟ.

ಅಂಚುಗಾರ
ಒಪ್ಪಿದೆ. ನಾಯ್ಸ್ ಸೂಚ್ಯಂಕ 0ಯಲ್ಲಿ ಮಾತ್ರ ಸೆಕೆಂಡಿಗೆ ಎರಡು ಲಕ್ಷದ ಮೇಲೆ ಅಂಚು ಬರ್ತವೆ. ಪಿಸಿಗೆ ಅದೂ ಲೆಕ್ಕಕ್ಕಿಲ್ಲ.

ಮಲೆನಾಡು_6502
ಅಂಚಿನ ವಿಧಾನದಲ್ಲಿ ಮಿಕ್ಸರ್ ಮರೆತರೆ ಕೆಡುತ್ತೆ. 2ಎ03ಯ ಮಿಕ್ಸರ್ ಸರಳ ಸಂಕಲನ ಅಲ್ಲ. ಎರಡು ಪಲ್ಸ್‌ಗೆ 95.88 ÷ (8128 ÷ (ಪ1 + ಪ2) + 100). ಒಂದೇ ಪಲ್ಸ್ 15ರಲ್ಲಿ ಇದ್ದರೆ 0.149, ಎರಡೂ 15 ಇದ್ದರೆ 0.258, ಅಂದರೆ ಎರಡರಷ್ಟಕ್ಕಿಂತ 13% ಕಡಿಮೆ. ಆದ್ದರಿಂದ ಚಾನೆಲ್‌ಗೆ ಒಂದೊಂದು ವ್ಯತ್ಯಾಸ ಕಳಿಸೋ ಬದಲು, ಯಾವುದೇ ಚಾನೆಲ್ ಬದಲಾದಾಗ ಮಿಕ್ಸರ್ ಫಲಿತಾಂಶ ಮತ್ತೆ ಲೆಕ್ಕ ಹಾಕಿ ಅದರ ವ್ಯತ್ಯಾಸವನ್ನು ಬಫರ್‌ಗೆ ಕಳಿಸಿ. ಪಲ್ಸ್‌ಗೆ 31 ನಮೂದು, ಉಳಿದ ಮೂರಕ್ಕೆ 203 ನಮೂದಿನ ಟೇಬಲ್ ಸಾಕು. ಎರಡನೆಯದರ ಸೂಚ್ಯಂಕ 3×ಟ್ರಯಾಂಗಲ್ + 2×ನಾಯ್ಸ್ + ಡಿಎಂಸಿ.

ಡಿಎಂಸಿ ಸೇರಿಸಿದಾಗ ಇದು ಇನ್ನೂ ಮುಖ್ಯ. ಅದರ 7 ಬಿಟ್ ಕೌಂಟರ್ 127ರಲ್ಲಿ ನಿಂತಿದ್ದರೆ ಟ್ರಯಾಂಗಲ್‌ನ ಏರಿಳಿತ ಸುಮಾರು 7 ಡೆಸಿಬೆಲ್ ತಗ್ಗುತ್ತೆ. ಟ್ರಯಾಂಗಲ್‌ಗೆ ಸ್ವಂತ ವಾಲ್ಯೂಮ್ ಇಲ್ಲ, ಹಾಗಾಗಿ ಡಿಎಂಸಿಯ $4011ಕ್ಕೆ ಮೌಲ್ಯ ಬರೆದು ಅದನ್ನು ತಗ್ಗಿಸುವ ಉಪಾಯ ಇರೋದು ಇದರಿಂದಲೇ. ಸರಳ ಸಂಕಲನ ಮಾಡಿದರೆ ಆ ಉಪಾಯ ಕೇಳಿಸೋದೇ ಇಲ್ಲ.

ಜಾಲಗಾರ
ಟ್ರಯಾಂಗಲ್ ಅನ್ನು ಸೈನ್ ಹತ್ತಿರದ ನಯವಾದ ತ್ರಿಕೋನ ಮಾಡಿದ್ರೆ ಆಗಲ್ವಾ? ಬೇಸ್‌ಗೆ ತಾನೇ.

ಅಂಚುಗಾರ
ಬೇಡ! ಅದು 16 ಮಟ್ಟದ, 32 ಹೆಜ್ಜೆಯ ಮೆಟ್ಟಿಲು. ಆ ಮೆಟ್ಟಿಲಿನಿಂದಲೇ 31ನೇ ಮತ್ತು 33ನೇ ಹಾರ್ಮೋನಿಕ್ −30 ಡೆಸಿಬೆಲ್ ಹತ್ತಿರ ಹುಟ್ಟುತ್ತವೆ. 110 ಹರ್ಟ್ಸ್ ಬೇಸ್‌ಗೆ ಅವು 3,410 ಮತ್ತು 3,630ರಲ್ಲಿ, ಕಿವಿ ಅತಿ ಚುರುಕಾಗಿರುವ ಜಾಗದಲ್ಲಿ. ಆ ಚಿಕ್ಕ ಗುಂಯ್ ಇಲ್ಲದಿದ್ದರೆ ಈ ಚಿಪ್‌ನ ಬೇಸ್ ಅನ್ನಿಸೋದೇ ಇಲ್ಲ. ಏಲಿಯಾಸ್ ಬೇಡದ ಕಸ, ಮೆಟ್ಟಿಲು ಚಿಪ್‌ನ ದನಿ. ಎರಡನ್ನೂ ಒಟ್ಟಿಗೆ ಒರೆಸಬೇಡಿ.

ವಾಲ್ಯೂಮ್‌ಗೂ ಇದೇ ಮಾತು. ಎನ್ವಲಪ್ (ವಾಲ್ಯೂಮನ್ನು ತಾನಾಗಿ ಇಳಿಸುವ ಭಾಗ) ಸುಮಾರು 240 ಹರ್ಟ್ಸ್‌ನಲ್ಲಿ, ಅಂದರೆ ಹತ್ತಿರ ಹತ್ತಿರ 7,457 ಸೈಕಲ್‌ಗೊಮ್ಮೆ ಮಿಡಿಯುತ್ತೆ, 15ರಿಂದ 0ಗೆ ಹಂತ ಹಂತವಾಗಿ ಇಳಿಯುತ್ತೆ. ಅದನ್ನು ನಯ ಮಾಡೋಕೆ ಹೋಗಬೇಡಿ.

ಶಿಫ್ಟ್‌ರಿಜಿಸ್ಟರ್
ಟ್ರಯಾಂಗಲ್ ನಿಂತಾಗ 0ಗೆ ಹಾರಬಾರದು, ಇದ್ದ ಮೆಟ್ಟಿಲಲ್ಲೇ ನಿಲ್ಲಬೇಕು. 0 ಮಾಡಿದರೆ ಪ್ರತಿ ಸ್ವರದ ಕೊನೆಗೆ ಟಪ್ ಅನ್ನುತ್ತೆ. ಪೀರಿಯಡ್ 0 ಬರೆದು ಮೌನ ಮಾಡುವ ಆಟಗಳೂ ಇವೆ. ಆಗ ಅದು 55.9 ಕಿಲೋಹರ್ಟ್ಸ್‌ನಲ್ಲಿ ಓಡ್ತಿರುತ್ತೆ, ಕಣ್ಣು ಮುಚ್ಚಿ ಸ್ಯಾಂಪಲ್ ತೆಗೆದರೆ 11.8 ಕಿಲೋಹರ್ಟ್ಸ್ ಸೀಟಿಯಾಗಿ ಕೇಳುತ್ತೆ.

ತಂಬೂರಿ440
ಇದರಲ್ಲಿ ಗಮಕ ಬರುತ್ತಾ? ಈ ಚಿಪ್‌ಗೆ ಸಂಗೀತ ಬರೆಯೋ ಫ್ಯಾಮಿಟ್ರ್ಯಾಕರ್ ತಂತ್ರಾಂಶದಲ್ಲಿ 440ಕ್ಕೆ ಷಡ್ಜ ಇಟ್ಟು ಕಂಪಿತ ಕೊಟ್ಟರೆ ಟಕ್ ಟಕ್ ಅಂತ ಸದ್ದು ಬರ್ತಿದೆ. 392ರಲ್ಲಿ ಬರಲ್ಲ.

ಮಲೆನಾಡು_6502
440ರ ಜಾಗವೇ ಹಾಗೆ. ಟೈಮರ್ 253, ಅಂದರೆ 440.4 ಹರ್ಟ್ಸ್. ಸ್ವಲ್ಪ ಕೆಳಗೆ ಜಾರಿಸಿದರೆ 256 ದಾಟುತ್ತೆ, ಅದು ಕೇವಲ 20 ಸೆಂಟ್ ಕೆಳಗೆ. ಟೈಮರ್‌ನ ಮೇಲಿನ ಮೂರು ಬಿಟ್ $4003ರಲ್ಲಿ ಇರೋದು, ಅದಕ್ಕೆ ಬರೆದ ಕೂಡಲೇ ಪಲ್ಸ್‌ನ ಫೇಸ್ ಮೊದಲಿಗೆ ಹೋಗುತ್ತೆ, ಎನ್ವಲಪ್ಪೂ ಮರುಶುರು. ಕಂಪಿತದ ಪ್ರತಿ ಸುತ್ತಿನಲ್ಲಿ ಎರಡು ಸಲ ಗಡಿ ದಾಟಿದರೆ ಎರಡು ಟಕ್. 220ರದು 507, ಗಡಿ 512. 110ರದು 1016, ಗಡಿ 1024. ಮೂರೂ ಗಡಿಗೆ ಅಂಟಿಕೊಂಡೇ ಇವೆ. 392ಕ್ಕೆ ಟೈಮರ್ 284, ಅಲ್ಲಿ ಎರಡೂ ಕಡೆ ಜಾಗ ಇದೆ.

ಅಸಲಿ ಚಿಪ್‌ಗೂ ಹೊಂದಬೇಕು ಅಂದರೆ ಸ್ವೀಪ್‌ನಿಂದಲೇ ಗಡಿ ದಾಟಿಸಬೇಕು: ಕೆಳಗಿನ ಬೈಟ್ 255 ಮಾಡಿ, ಸ್ವೀಪ್ ಆನ್ ಮಾಡಿ ಶಿಫ್ಟ್ 7 ಇಟ್ಟು, ಫ್ರೇಮ್ ಕೌಂಟರ್‌ನ (ಸ್ವೀಪ್, ಎನ್ವಲಪ್ ಮಿಡಿಸುವ ಎಣಿಕೆಯ) $4017ಕ್ಕೆ 192 ಬರೆದು ಸ್ವೀಪನ್ನು ಕೂಡಲೇ ಮಿಡಿಸಿ, ಆಮೇಲೆ ಸ್ವೀಪ್ ಆಫ್ ಮಾಡಿ ಕೆಳಗಿನ ಬೈಟ್ ಸರಿಪಡಿಸಿ. ಫೇಸ್ ಅಲುಗಲ್ಲ. ಸ್ವಂತ ಸಿಂತ್ ಆದರೆ ಫೇಸ್ ಮರುಹೊಂದಿಸದೇ ಇರಿ, ಅಷ್ಟೇ.

ತಂಬೂರಿ440
ಅರ್ಥ ಆಯ್ತು, ಷಡ್ಜ ಬದಲಿಸ್ತೀನಿ. ಶ್ರುತಿಯ ಸೂಕ್ಷ್ಮತೆ ಎಷ್ಟು ಸಿಗುತ್ತೆ?

ಹುಬ್ಳಿ_ಹರ್ಟ್ಸ್
220ರ ಹತ್ರ ಒಂದು ಹೆಜ್ಜೆ 3.4 ಸೆಂಟ್, 440ಕ್ಕ 6.8, 880ಕ್ಕ 13.7. ತಾರ ಸ್ಥಾಯಿಯೊಳಗ ಜಾರು ಮೆಟ್ಟಿಲಾಗಿ ಕೇಳತೈತಿ. ಮಂದ್ರ, ಮಧ್ಯದಾಗ ಇಡ್ರಿ.

ಬೆಸುಗೆ_ಕಡ್ಡಿ
ಯಾರಾದರೂ ಇದನ್ನು ಆರ್ಡ್ಯುಯಿನೋ ಊನೋ ಬೋರ್ಡ್ ಮೇಲೆ ಮಾಡುವವರಿದ್ದರೆ: ಟೇಬಲ್ ಸ್ಟೆಪ್ ಎಲ್ಲ ಅಲ್ಲಿ ಹಿಡಿಸಲ್ಲ. 16 ಮೆಗಾಹರ್ಟ್ಸ್, ಸ್ಯಾಂಪಲ್ ದರ 15,625 ಇಟ್ಟರೆ ಪ್ರತಿ ಸ್ಯಾಂಪಲ್‌ಗೆ 1,024 ಸೈಕಲ್ ಸಿಗುತ್ತೆ. ಟೈಮರ್ 2 ಅನ್ನು 8 ಬಿಟ್ ಫಾಸ್ಟ್ ಪಿಡಬ್ಲ್ಯೂಎಂನಲ್ಲಿ (ಪಲ್ಸ್ ಅಗಲದಿಂದ ಮಟ್ಟ ಕೊಡುವ ವಿಧಾನ) ಪ್ರಿಸ್ಕೇಲರ್ ಇಲ್ಲದೆ ಓಡಿಸಿದರೆ ವಾಹಕ 62,500 ಹರ್ಟ್ಸ್, ಪಿನ್ 3 ಅಥವಾ 11. ಅಲ್ಲಿಂದ 1 ಕಿಲೋಓಮ್, 10 ನ್ಯಾನೊಫ್ಯಾರಡ್ ಹಾಕಿದರೆ 15.9 ಕಿಲೋಹರ್ಟ್ಸ್ ಲೋ-ಪಾಸ್. ಒಂದು ಹಂತಕ್ಕೆ ವಾಹಕ 12 ಡೆಸಿಬೆಲ್ ಮಾತ್ರ ಇಳಿಯುತ್ತೆ, ಎರಡು ಹಂತ ಹಾಕಿ. ಆಂಪ್‌ಗೆ ಮುಂಚೆ 10 ಮೈಕ್ರೊಫ್ಯಾರಡ್ ಕಪ್ಲಿಂಗ್.

ನಾಲ್ಕು ಚಾನೆಲ್ 0–15, ಮೊತ್ತ ಗರಿಷ್ಠ 60, ನಾಲ್ಕರಿಂದ ಗುಣಿಸಿದರೆ 240, 8 ಬಿಟ್‌ಗೆ ಸರಿ. ಫೇಸ್ ಅಕ್ಯುಮುಲೇಟರ್ 16 ಬಿಟ್ ಇದ್ದರೆ ಹೆಜ್ಜೆ 0.24 ಹರ್ಟ್ಸ್, 55 ಹರ್ಟ್ಸ್ ಬೇಸ್‌ಗೆ ಅದು ಒರಟು. ಬೇಸ್‌ಗೆ ಮಾತ್ರ 24 ಬಿಟ್ ಮಾಡಿ. ಮತ್ತೆ 16 ಬಿಟ್ ವೇರಿಯಬಲ್ ಅನ್ನು ಮುಖ್ಯ ಲೂಪ್ ಬರೆಯುವಾಗ ನಡುವೆ ಇಂಟರಪ್ಟ್ ಬಂದರೆ ಅರ್ಧ ಹೊಸದು ಅರ್ಧ ಹಳೆಯದು ಓದಿ ಚಿಲಿಪಿಲಿ ಸದ್ದು ಬರುತ್ತೆ. ಬರೆಯುವ ಆ ಕ್ಷಣಕ್ಕೆ ಇಂಟರಪ್ಟ್ ನಿಲ್ಲಿಸಿ.

ಜಾಲಗಾರ
ಬ್ರೌಸರ್‌ನಲ್ಲಿ ಮಾಡುವವರಿಗೆ: ವೆಬ್ ಆಡಿಯೋದ ಸಿದ್ಧ ಆಸಿಲೇಟರ್ ಸ್ಕ್ವೇರ್‌ನಲ್ಲಿ ಏಲಿಯಾಸ್ ಕಾಟ ಇಲ್ಲ, ಆದರೆ 12.5% ಡ್ಯೂಟಿ ಇಲ್ಲ. ಪೀರಿಯಾಡಿಕ್‌ವೇವ್‌ಗೆ ಗುಣಾಂಕ ಕೊಡಬೇಕು: ಎನ್‌ನೇ ಹಾರ್ಮೋನಿಕ್‌ಗೆ 2 ÷ (ಎನ್ × ಪೈ) × ಸೈನ್(ಎನ್ × ಪೈ × ಡ್ಯೂಟಿ). 12.5%ಗೆ ಪ್ರತಿ 8ನೇದು, 25%ಗೆ ಪ್ರತಿ 4ನೇದು ಸೊನ್ನೆ ಬಂದರೆ ಲೆಕ್ಕ ಸರಿ. ಪೂರ್ತಿ ಚಿಪ್ ಬೇಕಾದರೆ ಆಡಿಯೋವರ್ಕ್ಲೆಟ್, ಒಂದು ಸಲಕ್ಕೆ 128 ಸ್ಯಾಂಪಲ್. ಬಳಕೆದಾರ ಕ್ಲಿಕ್ ಮಾಡದೆ ಸದ್ದು ಶುರುವಾಗಲ್ಲ, ಅದನ್ನು ಕೋಡ್‌ನ ದೋಷ ಅಂತ ಹುಡುಕ್ತಾ ಕೂರಬೇಡಿ.

ಚೌಕತರಂಗ
32 ಟ್ಯಾಪ್‌ನ ಟೇಬಲ್ ಹಾಕಿದೆ, ಟೈಮರ್ 31ರಲ್ಲೂ ಸ್ವಚ್ಛವಾಗಿದೆ. ಹೋಲಿಸಿ ನೋಡೋಕೆ ಹಳೇ ಟಿವಿ ಗೇಮ್ ಪೆಟ್ಟಿಗೆಯೊಂದರ ರೆಕಾರ್ಡಿಂಗ್ ಇದೆ. ಅದರಲ್ಲಿ 25% ಇರಬೇಕಾದ ಮಧುರ 50% ಥರ ಟೊಳ್ಳಾಗಿ ಕೇಳುತ್ತೆ, ಶ್ರುತಿಯೂ 16 ಸೆಂಟ್ ಕಡಿಮೆ. ನನ್ನ ಡ್ಯೂಟಿ ಟೇಬಲ್ ತಪ್ಪಾ?

ಶಿಫ್ಟ್‌ರಿಜಿಸ್ಟರ್
ನಿಮ್ಮ ಟೇಬಲ್ ಮುಟ್ಟಬೇಡಿ. ಇಲ್ಲಿ ಟಿವಿ ಗೇಮ್ ಅಂತ ಮಾರಾಟವಾಗ್ತಿದ್ದವು ಬಹುತೇಕ ಫ್ಯಾಮಿಕಾಮ್ ಕ್ಲೋನ್‌ಗಳು. ಅನೇಕ ಕ್ಲೋನ್ ಚಿಪ್‌ಗಳಲ್ಲಿ 25% ಮತ್ತು 50% ಅದಲುಬದಲಾಗಿವೆ. ಪಾಲ್ ಪದ್ಧತಿಯ ಟಿವಿಗೆ ಮಾಡಿದ ಕ್ಲೋನ್‌ಗಳ ಗಡಿಯಾರ 1,773,448 ಹರ್ಟ್ಸ್, ಆ 16 ಸೆಂಟ್ ಅದರದ್ದು. ಅಸಲಿ ಪಾಲ್ ಚಿಪ್ 2ಎ07ರದು 1,662,607. ಜಪಾನ್‌ನ ಟೈಮರ್ ಕೋಷ್ಟಕವನ್ನೇ ಅದಕ್ಕೆ ಹಾಕಿದರೆ ಒಂದು ಅರೆಸ್ವರಕ್ಕಿಂತ ಹೆಚ್ಚು ಇಳಿಯುತ್ತೆ, ನಾಯ್ಸ್ ಪೀರಿಯಡ್ ಪಟ್ಟಿಯೂ ಬೇರೆ. ಗಡಿಯಾರ, ನಾಯ್ಸ್ ಪಟ್ಟಿ, ಡ್ಯೂಟಿ ಕ್ರಮ ಮೂರನ್ನೂ ಒಂದು ಸ್ಟ್ರಕ್ಟ್‌ಗೆ ಹಾಕಿ, ಯಂತ್ರ ಆರಿಸಿದಾಗ ಬದಲಾಗಲಿ.

ಹುಬ್ಳಿ_ಹರ್ಟ್ಸ್
ಆ ಸ್ಟ್ರಕ್ಟ್‌ನ್ಯಾಗ ಫ್ರೇಮ್ ಕೌಂಟರ್ ಸೈಕಲ್‌ಗೂಳನ್ನೂ ಸೇರಸ್ರಿ. ಪಾಲ್‌ಗ ಅವೂ ಬ್ಯಾರೆ ಅದಾವ.